ಹಗೇವಿನ ಕಾಳು, ಡಬ್ಬಿಯ ಹುಳು: ಗಡಿನಾಡಿನಲ್ಲಿ ಧಾನ್ಯರಕ್ಷಣೆಯ ಚರಿತ್ರೆ

ಅರಸರು ಕಾದಿದ ಯುದ್ಧಗಳನ್ನು ನಮ್ಮ ಪಠ್ಯಪುಸ್ತಕಗಳು ಇಸವಿ ಸಹಿತವಾಗಿ ವಿವರಿಸುತ್ತವೆ. ಆದರೆ ಮೊರ, ಜರಡಿ, ಬಿಸಿಲು, ಬೂದಿಗಳನ್ನೇ ಆಯುಧವಾಗಿ ಹಿಡಿದು ನಮ್ಮ ತಾಯಂದಿರು ವರ್ಷದ ಹನ್ನೆರಡು ತಿಂಗಳೂ ನಡೆಸುತ್ತ ಬಂದ ಇನ್ನೊಂದು ಯುದ್ಧ ಆ ಪುಸ್ತಕಗಳಲ್ಲಿ ಕಾಣಸಿಗುವುದು ಅಪೂರ್ವ. ಒಂದು ಜೋಳದ ಕಾಳಿನೊಳಗೆ ಮನೆಮಾಡಿಕೊಂಡು, ಒಕ್ಕಲಿಗನ ವರ್ಷದ ಅನ್ನವನ್ನು ಹಿಟ್ಟುಮಾಡಿ ಬಿಡುವ ಹುಳುವಿನೊಡನೆ ನಡೆದ ಯುದ್ಧವದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಿಂದ ಆದವಾನಿ, ರಾಯದುರ್ಗ, ಮಡಕಶಿರಾಗಳವರೆಗೆ, ಅತ್ತ ತಾಳವಾಡಿ, ಹೊಸೂರುಗಳಿಂದ ಕಾಸರಗೋಡಿನವರೆಗೆ ಹಬ್ಬಿದ ನಮ್ಮ ಗಡಿನಾಡಿನ ಕನ್ನಡಿಗರು ಈ ಯುದ್ಧವನ್ನು ಬೇರೆ ಬೇರೆ ನೆಲದಲ್ಲಿ, ಬೇರೆ ಬೇರೆ ಉಪಾಯಗಳಿಂದ ನಡೆಸಿದರು. ಆ ಉಪಾಯಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು, ಅದರಿಂದ ಇಂದಿನ ಶಾಲೆಯ ಉಗ್ರಾಣಕ್ಕೂ ಮನೆಯ ಅಡುಗೆಕೋಣೆಗೂ ಏನು ದೊರೆಯುತ್ತದೆಂದು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಶತ್ರುವಿನ ಪರಿಚಯ. ಸಾಮಾನ್ಯವಾಗಿ ನಾವು ‘ನುಸಿ’, ‘ಹುಳ’ ಎಂದು ಒಟ್ಟಾಗಿ ಕರೆಯುವ ಜೀವಿಗಳಲ್ಲಿ ಹಲವು ಜಾತಿಗಳಿವೆ. ಅಕ್ಕಿ ಜೋಳಗಳನ್ನು ಹಿಡಿಯುವ ಸೊಂಡಿಲು ಹುಳು ಸುಮಾರು ೩ ಮಿಲಿಮೀಟರು ಉದ್ದದ್ದು. ಹೆಣ್ಣು ತನ್ನ ಮೂತಿಯಿಂದ ಕಾಳಿನಲ್ಲಿ ರಂಧ್ರ ಕೊರೆದು, ಅದರೊಳಗೆ ಒಂದು ಮೊಟ್ಟೆಯಿಟ್ಟು, ಅಂಟಿನಿಂದ ಬಾಯಿ ಮುಚ್ಚುತ್ತದೆ. ಮರಿ ಕಾಳಿನ ಒಳಗೇ ಬೆಳೆದು, ಬೇಸಗೆಯ ಕಾವಿನಲ್ಲಿ ನಾಲ್ಕೈದು ವಾರಗಳಲ್ಲಿ ಪ್ರೌಢಹುಳುವಾಗಿ ಹೊರಬರುತ್ತದೆ. ನಿನ್ನೆ ಶುಚಿಯಾಗಿ ಕಂಡ ಅಕ್ಕಿಯಲ್ಲಿ ಇಂದು ಹುಳು ‘ತಾನಾಗಿಯೇ ಹುಟ್ಟಿತು’ ಎಂಬ ಭ್ರಮೆಗೆ ಇದೇ ಕಾರಣ. ಹೆಸರು, ತೊಗರಿ, ಕಡಲೆಗಳ ಹುಳು ಇನ್ನೂ ಚತುರ; ಅದು ಹೊಲದಲ್ಲಿ ನಿಂತ ಕಾಯಿಯ ಮೇಲೆಯೇ ಮೊಟ್ಟೆಯಿಟ್ಟು ಚೀಲದೊಡನೆ ಮನೆಗೆ ಬರುತ್ತದೆ. ಹಿಟ್ಟಿನ ಕೆಂಪುಹುಳು ಇಡಿಯ ಗಟ್ಟಿಕಾಳನ್ನು ಕೊರೆಯಲಾರದು. ನುಚ್ಚು, ರವೆ, ಹಿಟ್ಟುಗಳಲ್ಲಿಯೇ ಅದರ ಸಂಸಾರ. ರವೆಯಲ್ಲಿ ಎಳೆ ಎಳೆಯಾಗಿ ಗೂಡು ಕಟ್ಟುವುದು ಒಂದು ಪತಂಗದ ಮರಿ. ಈ ಕುಲ ಬಹು ಪ್ರಾಚೀನವಾದುದು. ಈಜಿಪ್ತಿನ ಪುರಾತನ ಸಮಾಧಿಗಳಲ್ಲಿ ಸತ್ತವರಿಗಾಗಿ ಇಟ್ಟ ಧಾನ್ಯದಲ್ಲಿಯೂ ಇಂಥ ಹುಳುಗಳ ಅವಶೇಷಗಳು ದೊರೆತಿವೆ. ಮನುಷ್ಯನು ಕಾಳು ಕೂಡಿಡಲು ಕಲಿತಂದಿನಿಂದ ಹುಳು ಅವನ ಒಕ್ಕಲಾಯಿತೆನ್ನಬಹುದು.

ಧಾನ್ಯರಕ್ಷಣೆಯು ರಾಜ್ಯದ ಕರ್ತವ್ಯವೆಂದು ನಮ್ಮ ದೇಶದಲ್ಲಿ ಬಹು ಹಿಂದೆಯೇ ಭಾವಿಸಲಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರಾಧ್ಯಕ್ಷನಿಗೆಂದೇ ಒಂದು ಪ್ರಕರಣ ಮೀಸಲಾಗಿದೆ. ಧಾನ್ಯವನ್ನು ನೆಲದಿಂದ ಎತ್ತರದಲ್ಲಿಡಬೇಕು, ಎಣ್ಣೆ ತುಪ್ಪಗಳನ್ನು ಮಣ್ಣಿನ ಇಲ್ಲವೆ ಮರದ ಪಾತ್ರೆಗಳಲ್ಲಿಡಬೇಕು, ಉಪ್ಪನ್ನು ನೆಲದ ಮೇಲಿಡಬಹುದು ಎಂದು ವಸ್ತುವಿಗೆ ತಕ್ಕ ನೆಲೆಯನ್ನು ಅಲ್ಲಿ ವಿಧಿಸಲಾಗಿದೆ. ಈ ಗ್ರಂಥವನ್ನು ೧೯೦೯ರಲ್ಲಿ ಪ್ರಕಟಿಸಿ ಲೋಕಕ್ಕೆ ಒದಗಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳೆಂಬುದನ್ನು ಕನ್ನಡಿಗರಾದ ನಾವು ಸಂತೋಷದಿಂದ ನೆನೆಯಬೇಕು.

ಅರಮನೆಯ ಕಣಜದ ಮಾತು ಹಾಗಿರಲಿ. ನಮ್ಮ ಎರೆಸೀಮೆಯ ಒಕ್ಕಲಿಗನ ಕಣಜ ನೆಲದ ಕೆಳಗಿತ್ತು. ಅದೇ ಹಗೇವು. ಕೆಲವೆಡೆ ಹಗೆ, ಹಗೆವು ಎಂದೂ ಹೇಳುವುದುಂಟು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟಿನಲ್ಲಿ ಈ ಶಬ್ದಕ್ಕೆ ಸ್ಥಾನ ದೊರೆತಿದೆ. ನೀರಿನ ಸೆಲೆ ಆಳದಲ್ಲಿರುವ ಎತ್ತರದ ಜಾಗವನ್ನು ನೋಡಿ, ಮೇಲಿನ ಎರೆಮಣ್ಣನ್ನು ದಾಟಿ ಗಟ್ಟಿಯಾದ ಗರಸಿನವರೆಗೆ ಅಗೆಯುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಗಡಿಗೆಯಂತೆ ಅಗಲ. ಒಳಗೋಡೆಯನ್ನು ಸಾರಿಸಿ, ಕಸಕಡ್ಡಿಗೆ ಬೆಂಕಿಯಿಟ್ಟು ಒಣಗಿಸಿ, ತಳಕ್ಕೂ ಮಗ್ಗುಲಿಗೂ ಕಣಿಕೆ, ಹೊಟ್ಟು, ಹುಲ್ಲುಗಳನ್ನು ಹಾಸುತ್ತಿದ್ದರು. ಹಿಂಗಾರಿ ಜೋಳ ರಾಶಿಯಾಗಿ, ಬೇಸಗೆಯ ಬಿಸಿಲಲ್ಲಿ ಕಟಕಟನೆ ಒಣಗಿದ ಮೇಲೆ, ಮಳೆಗೆ ಮೊದಲು ಹಗೇವನ್ನು ಬಾಯಿತನಕ ತುಂಬಿ, ಮೇಲೆ ಹೊಟ್ಟು ಹಾಕಿ, ಚಪ್ಪಡಿಯೆಳೆದು, ಮಣ್ಣಿನಿಂದ ಮೆತ್ತಿ ಗುಡ್ಡೆಯೇರಿಸುತ್ತಿದ್ದರು. ಕಾಳು ಒಣಗಿತೇ ಇಲ್ಲವೇ ಎಂಬ ಪರೀಕ್ಷೆಗೆ ಹಲ್ಲೇ ಯಂತ್ರ. ಕಡಿದರೆ ಟಕ್ಕೆಂದು ಒಡೆಯಬೇಕು.

ಇದರ ಮರ್ಮವೇನು? ಮಣ್ಣಿನಲ್ಲಿ ಯಾವ ಮಂತ್ರಶಕ್ತಿಯೂ ಇಲ್ಲ. ಕಾಳು ಉಸಿರಾಡುತ್ತದೆ, ಅದರೊಡನೆ ಒಳಗೆ ಸೇರಿದ ಹುಳುವೂ ಉಸಿರಾಡುತ್ತದೆ. ಹೊರಗಾಳಿ ಬಾರದಂತೆ ಮುಚ್ಚಿದ ಕುಣಿಯಲ್ಲಿ ಆಮ್ಲಜನಕ ದಿನದಿನಕ್ಕೆ ಇಳಿದು ಇಂಗಾಲಾಮ್ಲವಾಯು ಏರುತ್ತದೆ. ಆಮ್ಲಜನಕವು ಶೇಕಡಾ ೨–೩ಕ್ಕಿಂತ ಕೆಳಗಿಳಿದು ಹಾಗೆಯೇ ನಿಂತರೆ ಹುಳು, ಮರಿ, ಮೊಟ್ಟೆಗಳೆಲ್ಲ ಸಾಯುತ್ತವೆ. ಶತ್ರುವು ತನ್ನ ಉಸಿರಿನಿಂದಲೇ ತಾನು ಅಳಿಯುವಂತೆ ಮಾಡಿದ ಈ ಉಪಾಯಕ್ಕೆ ಒಂದು ಕಾಸಿನ ಔಷಧವೂ ಬೇಡ. ಆದರೆ ಇದಕ್ಕೆ ದೋಷಗಳೂ ಇದ್ದುವು. ತೇವವಾದ ಕಾಳು ತುಂಬಿದರೆ ಬೂಷ್ಟು ತಪ್ಪದು. ಗೋಡೆಗೆ ತಗುಲಿದ ಕಾಳು ಕಪ್ಪಾಗಿ ಮುಗ್ಗಲು ವಾಸನೆ ಹಿಡಿಯುತ್ತಿತ್ತು. ಹಗೇವಿನ ಕಾಳಿಗೆ ಮೊಳೆಯುವ ಶಕ್ತಿ ಕುಂದುವುದರಿಂದ ಬಿತ್ತುವ ಬೀಜವನ್ನು ಅದರಲ್ಲಿಡುವಂತಿರಲಿಲ್ಲ. ಬೀಜದ ತೆನೆಗಳು ಮನೆಯ ಜಂತೆಗೆ ತೂಗುತ್ತಿದ್ದುವು, ಇಲ್ಲವೆ ಬೂದಿ ಬೆರೆಸಿದ ಗಡಿಗೆಗಳಲ್ಲಿ ಕೂಡುತ್ತಿದ್ದುವು.

ಎಲ್ಲಕ್ಕಿಂತ ದೊಡ್ಡ ದೋಷ ಪ್ರಾಣಭಯ. ಹುಳುವನ್ನು ಕೊಂದ ಗಾಳಿ ಮನುಷ್ಯನನ್ನೂ ಬಿಡದು. ಹಗೇವಿನ ಬಾಯಿ ತೆರೆದು, ಒಂದು ಹಗಲಾದರೂ ಹಾಗೆಯೇ ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು ನೋಡಿ, ಅದು ಉರಿಯುತ್ತಿದ್ದರೆ ಮಾತ್ರ ಆಳು ಇಳಿಯುವ ಪದ್ಧತಿಯಿತ್ತು. ಅವಸರಪಟ್ಟು ಇಳಿದವನು ಕೂಗಲೂ ಆಗದೆ ಕುಸಿದು ಬೀಳುತ್ತಿದ್ದನು. ಅವನನ್ನೆತ್ತಲು ಇಳಿದವನೂ ಅವನ ಮೇಲೆಯೇ ಬೀಳುತ್ತಿದ್ದನು. ಹಗೇವಿಗೆ ಇಳಿಯುವವನು ಸಾಮಾನ್ಯವಾಗಿ ಕಾಳಿನ ಒಡೆಯನಲ್ಲ, ಅವನ ಮನೆಯ ಜೀತದ ಆಳು ಎಂಬುದನ್ನೂ ಚರಿತ್ರೆ ಬರೆಯುವವರು ಮರೆಯಬಾರದು.

ಇಲ್ಲಿ ಭಾಷಾಭ್ಯಾಸಿಗಳಾದ ಶಿಕ್ಷಕರಿಗೆ ಪ್ರಿಯವಾಗಬಹುದಾದ ಒಂದು ಸಂಗತಿಯಿದೆ. ನಮ್ಮ ಹಗೇವಿಗೆ ಮರಾಠಿಯಲ್ಲಿ ‘ಪೇವ’ ಎಂದೂ ತೆಲುಗಿನಲ್ಲಿ ‘ಪಾತರ’ ಎಂದೂ ಹೆಸರು. ಪೇವ ಕಾಣದಾದ ಮೇಲೂ ಮರಾಠಿಯವರು ಯಾವುದಾದರೂ ಒಂದು ಸಂಗತಿ ಏಕಾಏಕಿ ಹೇರಳವಾಗಿ ಹೊರಬಿದ್ದರೆ ‘ಪೇವ ಫುಟಲೇ’, ಅಂದರೆ ಹಗೇವು ಒಡೆಯಿತು, ಎನ್ನುತ್ತಾರೆ. ತೆಲುಗಿನಲ್ಲಿಯಾದರೋ ‘ಪಾತರ ವೇಯು’ ಎಂದರೆ ಹೂತುಹಾಕು ಎಂದರ್ಥ. ನ್ಯಾಯಕ್ಕೆ ಪಾತರ, ನೀತಿಗೆ ಪಾತರ ಎಂಬ ಪ್ರಯೋಗಗಳು ಅಲ್ಲಿನ ಪತ್ರಿಕೆಗಳಲ್ಲಿ ಸಾಮಾನ್ಯ. ಒಂದೇ ಕುಣಿಯ ವಿಷಯದಲ್ಲಿ ಒಂದು ಭಾಷೆ ಬಾಯಿ ತೆರೆದುದನ್ನು ನೆನಪಿಟ್ಟಿತು, ಇನ್ನೊಂದು ಬಾಯಿ ಮುಚ್ಚಿದುದನ್ನು. ಈ ಎರಡು ಭಾಷೆಗಳ ನಡುವೆ ಬಾಳುವ ಅಕ್ಕಲಕೋಟೆಯ ಕನ್ನಡಿಗನ ನಾಲಗೆಯಲ್ಲಿಯೂ ಆದವಾನಿಯ ಕನ್ನಡಿಗನ ನಾಲಗೆಯಲ್ಲಿಯೂ ಹಗೇವಿನ ಸುತ್ತ ಯಾವ ಮಾತುಗಳು ಉಳಿದಿವೆಯೆಂಬುದು ಸಂಗ್ರಹಕ್ಕೆ ಯೋಗ್ಯವಾದ ವಿಷಯ.

ಎಲ್ಲ ಗಡಿಗೂ ಹಗೇವು ಒಗ್ಗುವುದಿಲ್ಲ. ಕಾಸರಗೋಡಿನ ಧಾರಾಕಾರ ಮಳೆಯಲ್ಲಿ ನೆಲ ಅಗೆದರೆ ನೀರೇ ದೊರೆತೀತು. ಅಲ್ಲಿನವರು ಬೈಹುಲ್ಲಿನ ಹಗ್ಗವನ್ನು ಬಿಗಿದು ಸುತ್ತಿ ಅಕ್ಕಿಯ ಮುಡಿ ಕಟ್ಟಿದರು. ಮರದ ಪತ್ತಾಯಗಳನ್ನು ಮಾಡಿದರು. ಅಡುಗೆಮನೆಯ ಮೇಲಣ ಅಟ್ಟದಲ್ಲಿ ಹೊಗೆ ತಾಗುವಂತೆ ಸಾಮಗ್ರಿಗಳನ್ನಿಟ್ಟರು. ಭತ್ತವನ್ನು ಕುದಿಸಿ ಕುಚ್ಚಲಕ್ಕಿ ಮಾಡುವ ಪದ್ಧತಿಯಿಂದ ಕಾಳಿನೊಳಗಿನ ಮೊಟ್ಟೆ ನಾಶವಾಗುವುದಲ್ಲದೆ ಕಾಳೂ ಗಟ್ಟಿಯಾಗುತ್ತದೆ. ಹೊಸೂರು, ತಾಳವಾಡಿ, ಮಡಕಶಿರಾಗಳ ರಾಗಿಯ ಸೀಮೆಗೆ ಪ್ರಕೃತಿಯೇ ಒಲಿದಿದೆ. ಸೊಂಡಿಲು ಹುಳುವಿನ ಮರಿಯೊಂದು ಬೆಳೆಯಲು ಬೇಕಾದಷ್ಟು ಸ್ಥಳ ರಾಗಿಯ ಕಾಳಿನಲ್ಲಿಲ್ಲ. ಆದ್ದರಿಂದ ಒಣಗಿದ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬರದ ಸೀಮೆಗಳು ರಾಗಿಯನ್ನು ನಂಬಿದ್ದು ಅದರ ರುಚಿಗಾಗಿ ಮಾತ್ರವೇ ಅಲ್ಲ.

ಇನ್ನು ಮನೆಯೊಳಗಿನ ವಿದ್ಯೆ. ತೊಗರಿಗೆ ಕೆಮ್ಮಣ್ಣಿನ ರಾಡಿ ಹಚ್ಚಿ ಒಣಗಿಸುವುದು, ಬೀಜಕ್ಕೆ ಬೂದಿ ಬೆರೆಸುವುದು, ಬೇವಿನೆಲೆ ಇಲ್ಲವೆ ಬಜೆಯ ಬೇರನ್ನಿಡುವುದು, ಬೇಳೆಗೆ ಹರಳೆಣ್ಣೆ ಸವರುವುದು, ಅಮಾವಾಸ್ಯೆ ಹುಣ್ಣಿಮೆಗಳ ನೆವದಲ್ಲಿ ಕಾಳನ್ನು ಬಿಸಿಲಿಗೆ ಹರಡುವುದು ಇವೆಲ್ಲ ಪರಂಪರೆಯಿಂದ ಬಂದುವು. ಇವುಗಳಲ್ಲಿ ಹೆಚ್ಚಿನವಕ್ಕೆ ಈಗ ಕಾರಣ ತಿಳಿದಿದೆ. ಹುಳುವಿನ ಮೈಮೇಲೆ ನೀರನ್ನು ಹಿಡಿದಿಡುವ ಮೇಣದಂತಹ ತೆಳುಪೊರೆಯೊಂದಿದೆ. ನುಣುಪಾದ ಬೂದಿ ಅಥವಾ ಜೇಡಿ ಅದನ್ನು ಕೆಡಿಸಿದರೆ ಹುಳು ಮೈನೀರು ಆರಿ ಸಾಯುತ್ತದೆ. ಎಣ್ಣೆಯ ಲೇಪ ಬೇಳೆಯ ಮೇಲಿನ ಮೊಟ್ಟೆಗೆ ಉಸಿರು ಕಟ್ಟಿಸುತ್ತದೆ. ಒಂದು ಕಿಲೋ ಕಾಳಿಗೆ ೫ ಮಿಲಿಲೀಟರು ಸಾಕು. ೧೯೫೦ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳಾದ ಮಜುಂದಾರ್, ನರಸಿಂಹನ್, ಸುಬ್ರಹ್ಮಣ್ಯನ್ ಅವರು ಸಂಸ್ಕರಿಸಿದ ಇದ್ದಿಲು ಮತ್ತು ಜೇಡಿಮಣ್ಣುಗಳ ಕೀಟನಾಶಕ ಗುಣವನ್ನು ಕುರಿತು ೧೯೫೯ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಒಲೆಯ ಬೂದಿಯನ್ನು ಕೈಯಳತೆಯಲ್ಲಿ ಬೆರೆಸುತ್ತಿದ್ದ ಅಜ್ಜಿಗೂ ಪ್ರಯೋಗಶಾಲೆಯ ವಿಜ್ಞಾನಿಗೂ ಇಲ್ಲಿ ಸಂಧಿಯಾಯಿತು.

ಹಾಗಾದರೆ ಹಗೇವು ಏಕೆ ಬರಿದಾಯಿತು? ಕಾರಣ ಹುಳುವಲ್ಲ, ಮಾರುಕಟ್ಟೆ. ೧೮೭೧ರಲ್ಲಿ ಮುಂಬಯಿಯ ಮತ್ತು ಮದರಾಸಿನ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದುವು. ಸೊಲ್ಲಾಪುರದ ಮತ್ತು ಆದವಾನಿಯ ಕಾಳಿಗೆ ದೂರದ ಬೆಲೆ ಬಂದಿತು. ಐದೇ ವರ್ಷಗಳಲ್ಲಿ, ೧೮೭೬–೭೮ರಲ್ಲಿ, ಜನರು ಧಾತು ಈಶ್ವರದ ಬರವೆಂದು ಇಂದಿಗೂ ಹೇಳುವ ಮಹಾಕ್ಷಾಮ ಎರಗಿತು. ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ರಾಯದುರ್ಗಗಳೂ ಸೊಲ್ಲಾಪುರ ಸೀಮೆಯೂ ಅದರ ಉರಿಯಲ್ಲಿ ಬೆಂದುವು. ದಕ್ಷಿಣದಲ್ಲಿ ಸತ್ತವರ ಸಂಖ್ಯೆ ೫೦ ಲಕ್ಷಕ್ಕೂ ಮಿಕ್ಕಿತು. ರೈಲು ಪರಿಹಾರದ ಕಾಳನ್ನು ತಂದಿತೆಂಬುದು ನಿಜ. ಆ ವರ್ಷಗಳಲ್ಲಿಯೇ ದೇಶದಿಂದ ಗೋದಿಯ ರಫ್ತು ನಿಲ್ಲಲಿಲ್ಲವೆಂಬುದೂ ಅಷ್ಟೇ ನಿಜ. ಊರ ಕಾಳು ಊರ ನೆಲದಲ್ಲಿರುವುದಕ್ಕೂ, ಊರ ಕಾಳಿನ ಬೆಲೆ ದೂರದ ಪೇಟೆಯಲ್ಲಿ ನಿರ್ಧಾರವಾಗುವುದಕ್ಕೂ ಇರುವ ಅಂತರವನ್ನು ಆ ಬರ ತೋರಿಸಿಕೊಟ್ಟಿತು. ಮುಂದೆ ಹತ್ತಿ, ಶೇಂಗಾಗಳು ಜೋಳದ ಹೊಲಗಳನ್ನು ಹಿಡಿದುವು. ೧೯೬೪ರಲ್ಲಿ ಹೈಬ್ರಿಡ್ ಜೋಳದ ಮೊದಲ ತಳಿ ಬಿಡುಗಡೆಯಾಯಿತು. ಮುಂಗಾರಿನ ಆ ಮೆತುಕಾಳು ಮಳೆಗೆ ಸಿಕ್ಕಿ ಬೂಷ್ಟು ಹಿಡಿಯುತ್ತಿತ್ತು, ಹುಳುವಿಗೂ ಬೇಗ ತುತ್ತಾಗುತ್ತಿತ್ತು. ಮೋಹೋಳದಲ್ಲಿ ಆಯ್ದ ಮಾಲದಂಡಿಯಂತಹ ಹಿಂಗಾರಿ ಜೋಳದ ಗಟ್ಟಿತನ ಅದಕ್ಕೆಲ್ಲಿ?

ಧಾನ್ಯರಕ್ಷಣೆಯ ಭಾರವನ್ನು ಸರಕಾರ ಹೊತ್ತುಕೊಂಡಿತು. ೧೯೫೭ರಲ್ಲಿ ಕೇಂದ್ರ ಉಗ್ರಾಣ ನಿಗಮವೂ ೧೯೬೫ರಲ್ಲಿ ಭಾರತ ಆಹಾರ ನಿಗಮವೂ ಕಾರ್ಯಾರಂಭ ಮಾಡಿದುವು. ಅದೇ ಕಾಲಕ್ಕೆ ವಿಷದ ಯುಗವೂ ಬಂದಿತು. ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ೧೯೩೯ರಲ್ಲಿ ಕಂಡುಹಿಡಿದ ಪೌಲ್ ಮ್ಯೂಲರರಿಗೆ ೧೯೪೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಭಾರತದ ಬೇಸಾಯದಲ್ಲಿ ಅದರ ಬಳಕೆ ೧೯೮೯ರಲ್ಲಿ ನಿಷಿದ್ಧವಾಯಿತು. ಬಿ.ಎಚ್.ಸಿ. ಪುಡಿ ೧೯೯೭ರಲ್ಲಿ ನಿಷೇಧಕ್ಕೊಳಗಾಯಿತು. ಮನೆಮನೆಯ ಕಾಳಿನ ಡಬ್ಬಿಗೆ ಒಡೆದು ಹಾಕುತ್ತಿದ್ದ ಇ.ಡಿ.ಬಿ. ಎಂಬ ಔಷಧದ ಗಾಜಿನ ನಳಿಕೆಗಳು ೨೦೦೧ರಲ್ಲಿ ಅದೇ ಹಾದಿ ಹಿಡಿದುವು. ಅಲ್ಯೂಮಿನಿಯಂ ಫಾಸ್ಫೈಡಿನ ಗುಳಿಗೆಯೊಂದು ಉಳಿದಿದೆ. ಅದನ್ನು ಸರಕಾರಿ ಸಂಸ್ಥೆಗಳೂ ಅನುಮತಿ ಪಡೆದ ಕೀಟನಿಯಂತ್ರಕರೂ ಮಾತ್ರ ಬಳಸಬೇಕೆಂಬ ಕಟ್ಟಳೆಯಿದೆ. ಗಾಳಿಯ ತೇವ ತಾಗಿದೊಡನೆ ಅದು ಹೊರಸೂಸುವ ಅನಿಲಕ್ಕೆ ಹುಳುವೆಂಬ, ಮನುಷ್ಯನೆಂಬ ಭೇದವಿಲ್ಲ. ಮಲಗುವ ಮನೆಯಲ್ಲಿಯೇ ಕಾಳಿನ ಚೀಲಕ್ಕೆ ಈ ಗುಳಿಗೆಯಿಟ್ಟು ಕುಟುಂಬಗಳು ಬಲಿಯಾದ ವಾರ್ತೆಗಳನ್ನು ನಾವು ಓದುತ್ತಲೇ ಇದ್ದೇವೆ. ಇಷ್ಟಾದರೂ ಹುಳು ಸೋತಿಲ್ಲ. ೧೯೭೨–೭೩ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನಡೆಸಿದ ಜಾಗತಿಕ ಸಮೀಕ್ಷೆಯಲ್ಲಿಯೇ ಈ ಅನಿಲವನ್ನು ತಾಳಿಕೊಳ್ಳಬಲ್ಲ ಹುಳುಗಳು ಕಂಡುಬಂದಿದ್ದುವು.

ಶಿಕ್ಷಕರಾದ ನಮಗೆ ಈ ವಿಷಯ ಈಗ ಪರರ ಮನೆಯ ಮಾತಾಗಿ ಉಳಿದಿಲ್ಲ. ೨೦೦೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿದ ಮೇಲೆ ಪ್ರತಿಯೊಂದು ಶಾಲೆಯೂ ಒಂದು ಕಣಜವಾಯಿತು, ಮುಖ್ಯೋಪಾಧ್ಯಾಯನು ಒಂದರ್ಥದಲ್ಲಿ ಕೋಷ್ಠಾಗಾರಾಧ್ಯಕ್ಷನಾದನು. ೨೦೧೩ರ ಜುಲೈ ೧೬ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ ಗ್ರಾಮದ ಶಾಲೆಯಲ್ಲಿ ಕೀಟನಾಶಕ ಬೆರೆತ ಎಣ್ಣೆಯಿಂದ ಮಾಡಿದ ಊಟವನ್ನುಂಡು ೨೩ ಮಕ್ಕಳು ಅಸುನೀಗಿದರು. ಅಲ್ಲಿದ್ದುದು ಹೊಲದ ವಿಷವೇ ಹೊರತು ಉಗ್ರಾಣದ ವಿಷವಲ್ಲ. ಆದರೆ ಪಾಠ ಒಂದೇ. ಮಕ್ಕಳ ಅನ್ನವಿರುವ ಕೋಣೆಯೊಳಗೆ ವಿಷದ ಡಬ್ಬಿ, ಖಾಲಿಯಾದದ್ದು ಕೂಡ, ಕಾಲಿಡಬಾರದು. ಅಕ್ಕಿಯಲ್ಲಿ ಹುಳು ಕಂಡರೆ ನಾಚಿಕೆಪಡಬೇಕಾದುದಿಲ್ಲ. ಹುಳುವಿಗೆ ಹೆದರಿ ವಿಷವನ್ನು ಒಳಗೆ ತಂದರೆ ಮಾತ್ರ ಅಪರಾಧ.

ವಿಷವಿಲ್ಲದೆ ನಿರ್ವಹಿಸಲು ಚರಿತ್ರೆಯೇ ದಾರಿ ತೋರಿಸುತ್ತದೆ. ಮೊದಲನೆಯದು ಮೂಲವನ್ನು ಹುಡುಕುವುದು: ಹುಳು ಕಂಡ ಡಬ್ಬಿಯೊಂದನ್ನೇ ತೊಳೆದು ಸುಮ್ಮನಾಗದೆ, ಹಳೆಯ ಹಿಟ್ಟು, ರವೆ, ಮೂಲೆಯಲ್ಲಿ ಮರೆತ ಕಡಲೆಯ ಪೊಟ್ಟಣಗಳನ್ನೆಲ್ಲ ನೋಡಬೇಕು, ಗೂಡು ಕಟ್ಟಿದ ಹಿಟ್ಟನ್ನು ಹೊರಗೆ ಹಾಕಬೇಕು, ಹಲಗೆಯ ಸಂದುಗಳಲ್ಲಿ ಕೂತ ಪುಡಿಯನ್ನು ಕೆರೆದು ತೆಗೆಯಬೇಕು, ಏಕೆಂದರೆ ಮುಂದಿನ ಸಂತಾನ ಅಲ್ಲಿಂದಲೇ ಏಳುತ್ತದೆ. ಎರಡನೆಯದು ಒಣಗಿಸುವುದು: ತೇವಾಂಶ ಶೇಕಡಾ ೧೦ಕ್ಕಿಂತ ಕೆಳಗಿಳಿದ ಕಾಳಿನಲ್ಲಿ ಸೊಂಡಿಲು ಹುಳುವಿನ ವಂಶ ಬೆಳೆಯುವುದು ಕಷ್ಟ. ಕಾಳು ತೆಳ್ಳಗೆ ಹರಡಿ ೫೦ ಡಿಗ್ರಿ ಸೆಂಟಿಗ್ರೇಡು ದಾಟುವಂತೆ ಕೆಲವು ಗಂಟೆ ಕಾಯಿಸಿದರೆ ಒಳಗಿನ ಮರಿಯೂ ಸಾಯುತ್ತದೆ. ಶೀತಪೆಟ್ಟಿಗೆಯುಳ್ಳವರು ಹಿಟ್ಟಿನ ಪೊಟ್ಟಣವನ್ನು ಅದರ ಹಿಮದ ಖಾನೆಯಲ್ಲಿ ನಾಲ್ಕು ದಿನವಿಟ್ಟರೆ ಅದೇ ಫಲ ದೊರೆಯುತ್ತದೆ. ಮೂರನೆಯದು ಗಾಳಿಯಾಡದಂತೆ ತುಂಬಿ ಮುಚ್ಚುವುದು. ಅರೆ ತುಂಬಿದ ಡಬ್ಬಿಯಲ್ಲಿ ಹುಳುವಿಗೆ ಉಸಿರು ಉಳಿದಿರುತ್ತದೆ. ನಾಲ್ಕನೆಯದು ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಟ್ಟು, ಮೊದಲು ಬಂದುದನ್ನು ಮೊದಲು ಬಳಸುವುದು. ಕೌಟಿಲ್ಯನ ಅಧ್ಯಕ್ಷನಿಗೂ ನಮಗೂ ಈ ಕಡೆಯ ನಿಯಮದಲ್ಲಿ ಹೆಚ್ಚಿನ ಭೇದವಿಲ್ಲ.

ಹೊಸ ವಿಜ್ಞಾನವೂ ಹಗೇವಿನ ಕಡೆಗೇ ತಿರುಗಿರುವುದು ಗಮನಾರ್ಹ. ೧೯೮೦ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ಅಲಸಂದೆಯ ಹುಳುವಿಗೆ ಪರಿಹಾರ ಹುಡುಕುತ್ತಿದ್ದ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಒಂದರೊಳಗೊಂದಾಗಿ ಎರಡು ಪ್ಲಾಸ್ಟಿಕ್ ಚೀಲ, ಅವುಗಳ ಹೊರಗೆ ಒಂದು ನೇಯ್ದ ಚೀಲ, ಹೀಗೆ ಮೂರು ಪದರದ ಚೀಲವನ್ನು ರೂಪಿಸಿದರು. ಬಾಯಿ ಬಿಗಿದು ಕಟ್ಟಿದರೆ ಹುಳು ತನ್ನ ಉಸಿರಿನಿಂದಲೇ ಸಾಯುತ್ತದೆ. ಇದು ನೆಲದಿಂದ ಮೇಲೆದ್ದ ಹಗೇವಲ್ಲದೆ ಬೇರೇನು? ಇದಕ್ಕೆ ಯಾವ ಆಳೂ ಪ್ರಾಣವನ್ನೊಡ್ಡಿ ಇಳಿಯಬೇಕಾದುದಿಲ್ಲವೆಂಬುದೇ ದೊಡ್ಡ ಲಾಭ.

ಕಡೆಗೆ ಶಿಕ್ಷಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಹಗೇವಿನೊಳಗೆ ಇಳಿದು ಕಾಳು ಮೊಗೆದವರು ಇಂದು ಎಣಿಕೆಗೆ ಸಿಕ್ಕಷ್ಟು ಮಂದಿ ಮಾತ್ರ ಇದ್ದಾರೆ, ಅವರೆಲ್ಲ ವೃದ್ಧರು. ಹಾಳುಬಿದ್ದ ಹಗೇವುಗಳು ರಸ್ತೆಯ ಕೆಳಗೂ ಹೊಸ ಮನೆಗಳ ಕೆಳಗೂ ಮುಚ್ಚಿಹೋಗುತ್ತಿವೆ. ಪ್ರತಿಯೊಂದು ಶಾಲೆಯ ಮೇಲಿನ ತರಗತಿಯ ಮಕ್ಕಳು ತಮ್ಮ ಊರಿನಲ್ಲಿ ಹಗೇವು ಎಲ್ಲಿದ್ದಿತು, ಎಷ್ಟು ಆಳ, ಒಳಗೆ ಏನು ಹಾಸುತ್ತಿದ್ದರು, ಎಷ್ಟು ಚೀಲ ಹಿಡಿಯುತ್ತಿತ್ತು, ಒಡೆಯನಾರು, ಇಳಿಯುತ್ತಿದ್ದವನಾರು, ದೀಪದ ಪರೀಕ್ಷೆಯನ್ನು ಹೇಗೆ ಮಾಡುತ್ತಿದ್ದರು, ಬೇಳೆಗೆ ಅಜ್ಜಿ ಏನು ಬೆರೆಸುತ್ತಿದ್ದಳು, ಈ ಹುಳುಗಳಿಗೆ ಊರ ಮಾತಿನಲ್ಲಿ ಏನು ಹೆಸರು ಎಂಬ ಒಂಬತ್ತು ಪ್ರಶ್ನೆಗಳನ್ನು ಹಿರಿಯರಿಗೆ ಕೇಳಿ ಬರೆದುಕೊಳ್ಳಲಿ. ಹಾಳು ಹಗೇವಿನೊಳಗೆ ಮಾತ್ರ ಯಾರನ್ನೂ ಇಳಿಯಗೊಡಬಾರದು. ಆ ಬರೆಹಗಳನ್ನು ಸಂಘಕ್ಕೆ ಕಳುಹಿಸಿಕೊಟ್ಟಲ್ಲಿ ಎಲ್ಲ ಗಡಿಗಳ ಶಬ್ದಗಳನ್ನೂ ವಿವರಗಳನ್ನೂ ಒಂದೆಡೆ ಕೂಡಿಸುವುದು ಸಾಧ್ಯವಾಗುತ್ತದೆ. ಈ ಕೆಲಸಕ್ಕೆ ಹಣವಾಗಲಿ ಅನುಮತಿಯಾಗಲಿ ಬೇಡ. ಬೇಕಾದುದು ಒಂದು ನೋಟುಬುಕ್ಕು ಮತ್ತು ಒಂದು ಭಾನುವಾರ.